ಮೆಡಿಕಲ್ ಶಾಪಿನ ಮಾತ್ರೆ ತಾನೆ, ಅದರಿಂದ ಏನಾಗುತ್ತೆ?

ಪ್ರಶ್ನೆ: ಕಾಲೇಜಿಗೆ ಹೋಗುವ ಮಗನ ಬ್ಯಾಗಿನಲ್ಲಿ ಟಪೆಂಟಡಾಲ್ ಮಾತ್ರೆಯ ಖಾಲಿ ಸ್ಟ್ರಿಪ್, ಜೊತೆಗೆ ಒಂದು ಸಿರಿಂಜ್ ಸಿಕ್ಕಿತು. ಕೇಳಿದರೆ ‘ಅಮ್ಮಾ, ಇದು ಡ್ರಗ್ಸ್ ಅಲ್ಲ, ಡಾಕ್ಟರೇ ಬರೆದುಕೊಡೋ ನೋವಿನ ಮಾತ್ರೆ’ ಅಂತಾನೆ. ಇದರಿಂದ ಅಪಾಯ ಇದೆಯಾ?

ಉತ್ತರ: ಮಗ ಹೇಳಿದ್ದು ಅರ್ಧ ನಿಜ. ಆಪರೇಷನ್ ಆದವರಿಗೆ, ತೀವ್ರ ನೋವಿರುವವರಿಗೆ ವೈದ್ಯರು ಇದನ್ನು ಬರೆಯುತ್ತಾರೆ. ಆದರೆ ಇದು ಪ್ಯಾರಾಸಿಟಮಾಲ್ ಜಾತಿಯದಲ್ಲ. ಅಫೀಮು, ಹೆರಾಯಿನ್ ಮೆದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತವೋ ಇದೂ ಅಲ್ಲೇ ಕೂರುತ್ತದೆ. ಇದೇ ಬಳಗದ ಟ್ರಮಡಾಲ್ ಮಾತ್ರೆಯನ್ನು 2018ರಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ತಂದರು. ಟಪೆಂಟಡಾಲ್ ಜೊತೆ ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳು ಪಶ್ಚಿಮ ಆಫ್ರಿಕಾದಲ್ಲಿ ನಶೆಗಾಗಿ ಬಿಕರಿಯಾಗುತ್ತಿರುವುದು ಬಯಲಾದ ಮೇಲೆ, 2025ರ ಫೆಬ್ರುವರಿಯಲ್ಲಿ ಅವುಗಳ ತಯಾರಿಕೆ, ರಫ್ತಿನ ಅನುಮತಿ ವಾಪಸ್ ಪಡೆಯಲು ಕೇಂದ್ರ ಹೇಳಿತು.

ನನಗೆ ಸ್ಟ್ರಿಪ್‌ಗಿಂತ ಹೆಚ್ಚು ದಿಗಿಲು ಹುಟ್ಟಿಸಿದ್ದು ಆ ಸಿರಿಂಜ್. ಮಾತ್ರೆಯಲ್ಲಿ ಇರುವುದು ಔಷಧಿಯೊಂದೇ ಅಲ್ಲ. ಅದಕ್ಕೆ ಮಾತ್ರೆಯ ರೂಪ ಕೊಡಲೆಂದು ಸೆಲ್ಯುಲೋಸ್, ಟಾಲ್ಕ್ ಪುಡಿ ಸೇರಿಸಿರುತ್ತಾರೆ. ನುಂಗಿದರೆ ಅವು ಮಲದೊಂದಿಗೆ ಹೊರಬೀಳುತ್ತವೆ. ರಕ್ತನಾಳಕ್ಕೆ ಚುಚ್ಚಿಕೊಂಡರೆ ಆ ಕರಗದ ಪುಡಿ ಹೃದಯದ ಬಲಭಾಗ ದಾಟಿ ನೇರ ಶ್ವಾಸಕೋಶಕ್ಕೆ ಬರುತ್ತದೆ, ಕೂದಲೆಳೆಗಿಂತ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಸುತ್ತ ಗಂಟು ಕಟ್ಟುತ್ತದೆ. ಇದೇ ಮುಂದುವರಿದರೆ ಹರೆಯದ ಹುಡುಗನೂ ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾನೆ. ಚುಚ್ಚಿದ ಕಡೆ ಕೀವು, ಕೆಲವರಿಗೆ ಹೃದಯದ ಕವಾಟಕ್ಕೇ ಸೋಂಕು. ಸೂಜಿ ಹಂಚಿಕೊಂಡಿದ್ದರೆ ಎಚ್‌ಐವಿ, ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಲೇಬೇಕು. ಹೆಪಟೈಟಿಸ್ ಸಿ ವರ್ಷಗಟ್ಟಲೆ ಲಕ್ಷಣ ತೋರಿಸದೆ ಲಿವರ್ ಕೆಡಿಸುತ್ತದೆ, ಆದರೆ ಗೊತ್ತಾದರೆ ಬಹುತೇಕರಿಗೆ 12 ವಾರಗಳ ಮಾತ್ರೆಯಲ್ಲೇ ವಾಸಿ.

ಜೀವಕ್ಕೇ ಕುತ್ತು ಬರುವುದು ಉಸಿರಾಟದಿಂದ. ಪ್ರಮಾಣ ಹೆಚ್ಚಾದಾಗ, ಅದರಲ್ಲೂ ಮದ್ಯ ಅಥವಾ ನಿದ್ದೆ ಮಾತ್ರೆ ಜೊತೆ ಸೇರಿದಾಗ, ಉಸಿರಾಡು ಎಂದು ಹೇಳುವ ಮೆದುಳಿನ ಭಾಗವೇ ಮಂಕಾಗುತ್ತದೆ. ಗೊರಗೊರ ಸದ್ದಿನ ಗೊರಕೆ, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ಎಷ್ಟು ಅಲುಗಾಡಿಸಿದರೂ ಎಚ್ಚರವಿಲ್ಲ. ಮನೆಯವರು ‘ಮಲಗಿದ್ದಾನೆ, ಮಲಗಲಿ ಬಿಡಿ’ ಅಂದುಕೊಳ್ಳುವುದು ಇಂಥ ಹೊತ್ತಿನಲ್ಲೇ. ನಿಂಬೆರಸ, ಮಜ್ಜಿಗೆ ಬಾಯಿಗೆ ಹಾಕಲು ಹೋಗಬೇಡಿ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಉಸಿರು ನಿಂತಿದ್ದರೆ ಫೋನಿನಲ್ಲೇ ಕೇಳಿಕೊಂಡು ಉಸಿರು ಕೊಡಿ. ಆಸ್ಪತ್ರೆಯಲ್ಲಿ ಏನು ತೆಗೆದುಕೊಂಡಿದ್ದಾನೆಂದು ಮುಚ್ಚಿಡಬೇಡಿ. ಗೊತ್ತಾದರೆ ತಾನೇ ಇದರ ಪರಿಣಾಮ ತಡೆಯುವ ನಲೋಕ್ಸೋನ್ ಇಂಜೆಕ್ಷನ್ ಬೇಗ ಕೊಡಲಾಗುವುದು.

ಇನ್ನು ಬಿಡಿಸುವ ಮಾತು. ರೂಮಿಗೆ ಹಾಕಿ ಬೀಗ ಜಡಿದರೆ ಆಯಿತು ಎಂದು ಹಿರಿಯರು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ಆಕಳಿಕೆ, ಸುರಿಯುವ ಮೂಗು, ಮೈಯೆಲ್ಲ ನವಿರೇಳುವುದು, ಹೊಟ್ಟೆನೋವು, ಭೇದಿ, ನಿದ್ದೆಯಿಲ್ಲದ ರಾತ್ರಿ. ವಾರದೊಳಗೆ ಬಹುಪಾಲು ತಗ್ಗುತ್ತದೆ, ಆಸೆ ಮಾತ್ರ ಉಳಿಯುತ್ತದೆ. ಅಷ್ಟರಲ್ಲಿ ದೇಹಕ್ಕೆ ಹಳೆಯ ಪ್ರಮಾಣ ತಡೆದುಕೊಳ್ಳುವ ಶಕ್ತಿ ಹೋಗಿರುತ್ತದೆ. ಕೆಲವು ವಾರ ಬಿಟ್ಟಿದ್ದವನು ಗೆಳೆಯರ ಜೊತೆ ಮೊದಲಿನಷ್ಟೇ ತೆಗೆದುಕೊಂಡರೆ ಅದೇ ಕೊನೆಯದಾಗಬಹುದು. ಅದಕ್ಕೇ ವೈದ್ಯರು ಆ ಆಸೆ, ಸಂಕಟ ತಗ್ಗಿಸುವ, ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಕೊಟ್ಟು, ತಿಂಗಳುಗಟ್ಟಲೆ ನೋಡಿಕೊಂಡು, ನಿಧಾನವಾಗಿ ಇಳಿಸುತ್ತಾರೆ. ‘ಒಂದು ಬಿಟ್ಟು ಇನ್ನೊಂದು ಹಿಡಿಸಿದರು’ ಎಂದು ಮಧ್ಯದಲ್ಲೇ ನಿಲ್ಲಿಸಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಅಲ್ಲಿಗೆ ದೂರವಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಇಲ್ಲವೇ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ, ಉಚಿತವಾಗಿ ಮಾತಾಡುತ್ತಾರೆ. ವಿಷಯ ಊರಿಗೆಲ್ಲ ಹರಡುತ್ತದೆ ಎಂಬ ಭಯಕ್ಕೆ ಇಷ್ಟು ಹೇಳಬಲ್ಲೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯವಾಗಿಡುವುದು ಚಿಕಿತ್ಸೆ ಕೊಡುವವರ ಕರ್ತವ್ಯ.