ನಂಬರ್ಸ್ ಮ್ಯಾಚಿಂಗ್: ಯಾವ ನಂಬರು, ಯಾವುದರ ಜೊತೆ?

ಹಳೆಯ ಬೈಕನ್ನು ಬೇರೆ ರಾಜ್ಯಕ್ಕೆ ಎನ್‌ಒಸಿ ಮಾಡಿಸಿದವರಿಗೆ ಒಂದು ಕೆಲಸ ನೆನಪಿರುತ್ತದೆ. ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು, ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದು ಅರ್ಜಿಗೆ ಅಂಟಿಸುವುದು. ಆರ್‌ಸಿಯಲ್ಲಿರುವ ನಂಬರೂ ಕಬ್ಬಿಣದ ಮೇಲಿರುವ ನಂಬರೂ ಒಂದೇ ಎಂದು ಆರ್‌ಟಿಒಗೆ ತೋರಿಸಬೇಕಲ್ಲ. ‘ನಂಬರ್ಸ್ ಮ್ಯಾಚಿಂಗ್’ ಎಂಬ ಪದದ ಅರ್ಧ ಅರ್ಥ ಇಷ್ಟರಲ್ಲೇ ಬಂತು. ಉಳಿದರ್ಧ ಇರುವುದು ಅಮೆರಿಕದ ಮಸಲ್ ಕಾರುಗಳ ಲೋಕದಲ್ಲಿ. ಅಲ್ಲಿ ಜಾಹೀರಾತಿನಲ್ಲಿ ಈ ಎರಡು ಪದ ಸೇರಿದರೆ ಕಾರಿನ ಬೆಲೆಯೇ ಬೇರೆ.

ಮಸಲ್ ಕಾರು ಎಂದರೆ ಮಧ್ಯಮ ಗಾತ್ರದ, ಸಾಮಾನ್ಯ ಸಂಸಾರಸ್ಥರ ಕಾರಿನ ಒಡಲಿಗೆ ದೊಡ್ಡ ವಿ8, ಅಂದರೆ ಎಂಟು ಸಿಲಿಂಡರಿನ, ಎಂಜಿನ್ ಕೂರಿಸಿದ ಗಾಡಿ. 1964ರ ಪಾಂಟಿಯಾಕ್ ಜಿಟಿಒದಿಂದ ಈ ಕಾಲ ಶುರುವಾಯಿತು ಎನ್ನುವುದು ರೂಢಿ. ವಿಮೆಯ ದರ, ಹೊಗೆಯ ಕಾನೂನು, ಕೊನೆಗೆ 1973ರ ತೈಲ ಬಿಕ್ಕಟ್ಟು ಸೇರಿ ಹತ್ತು ವರ್ಷದೊಳಗೆ ಅದನ್ನು ಮುಗಿಸಿದವು. ಕೊಂಡವರು ಹೆಚ್ಚಾಗಿ ಹುಡುಗರು. ವಾರವೆಲ್ಲ ಕೆಲಸಕ್ಕೆ ಓಡಿಸಿ, ವಾರಾಂತ್ಯದಲ್ಲಿ ಕಾಲು ಮೈಲಿ ಡ್ರ್ಯಾಗ್ ರೇಸಿಗೆ ಇಳಿಸುತ್ತಿದ್ದರು. ಎಂಜಿನ್ ಒಡೆದರೆ ಗುಜರಿಯಿಂದ ಇನ್ನೊಂದು ತಂದು ಕೂರಿಸುವುದು, ಮತ್ತೆ ರೇಸು. ಈ ಕಬ್ಬಿಣಕ್ಕೆ ಮುಂದೊಂದು ದಿನ ಮ್ಯೂಸಿಯಂ ಮರ್ಯಾದೆ ಬರುತ್ತದೆಂದು ಯಾರಿಗೆ ಗೊತ್ತಿತ್ತು! ಹಾಗಾಗಿ ಕಾರ್ಖಾನೆಯಲ್ಲಿ ಯಾವ ಎಂಜಿನ್ ಕೂರಿಸಿದ್ದರೋ ಅದೇ ಎಂಜಿನ್ ಇವತ್ತಿಗೂ ಅದೇ ಕಾರಿನಲ್ಲಿ ಉಳಿದಿರುವುದು ಅಪರೂಪ. ‘ನಂಬರ್ಸ್ ಮ್ಯಾಚಿಂಗ್’ ಎಂದು ಹೇಳುವುದು ಆ ಅಪರೂಪಕ್ಕೆ.

ಒಂದು ಕಾರನ್ನೇ ಹಿಡಿದು ನೋಡಿದರೆ ವಿಷಯ ಬೇಗ ತಿಳಿಯುತ್ತದೆ. 1970ರ ಶೆವರ್ಲೆ ಶೆವೆಲ್, ಎಸ್‌ಎಸ್ 454 (ಎಸ್‌ಎಸ್ ಎಂದರೆ ಸೂಪರ್ ಸ್ಪೋರ್ಟ್, 454 ಎಂದರೆ ಘನ ಇಂಚಿನಲ್ಲಿ ಎಂಜಿನ್ನಿನ ಗಾತ್ರ), ಎಲ್‌ಎಸ್6 ಎಂಬ ಕೋಡಿನ ಎಂಜಿನ್, 450 ಅಶ್ವಶಕ್ತಿ. ಇಂಥವು 4,475 ತಯಾರಾದವು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಇದರ ವಾಹನ ಗುರುತಿನ ಸಂಖ್ಯೆ, ಅಂದರೆ ‘ವಿನ್’, ಗಾಜಿನೊಳಗೆ ಡ್ಯಾಶ್‌ಬೋರ್ಡಿನ ಎಡಮೂಲೆಯಲ್ಲಿ ಕಾಣುತ್ತದೆ. 136370 ಬಿ, ಆಮೇಲೆ ಆರು ಅಂಕಿ. ಮೊದಲ 1 ಎಂದರೆ ಶೆವರ್ಲೆ. 36 ಎಂದರೆ ವಿ8 ಇರುವ ಮ್ಯಾಲಿಬು, ಶೆವೆಲ್‌ನದೇ ಒಂದು ದರ್ಜೆ. 37 ಎಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್. 0 ಎಂದರೆ 1970. ಬಿ ಎಂದರೆ ಬಾಲ್ಟಿಮೋರ್ ಕಾರ್ಖಾನೆ. ಕೊನೆಯ ಆರು ಅಂಕಿ ಆ ಕಾರಿನ ಕ್ರಮಸಂಖ್ಯೆ.

ಇದರಲ್ಲಿ ಎಸ್‌ಎಸ್ ಎಲ್ಲಿದೆ? ಇಲ್ಲ. ಎಲ್‌ಎಸ್6? ಅದೂ ಇಲ್ಲ. 1966ರಿಂದ 68ರವರೆಗೆ ಎಸ್‌ಎಸ್ 396 ಕಾರಿಗೆ 138 ಎಂಬ ತನ್ನದೇ ಸರಣಿ ಇತ್ತು. 1969ರಲ್ಲಿ ಎಸ್‌ಎಸ್ ಒಂದು ಹೆಚ್ಚುವರಿ ಪ್ಯಾಕೇಜ್ ಆಗಿಬಿಟ್ಟಿತು. ಅಂದಿನಿಂದ ಅಜ್ಜಿ ಚರ್ಚಿಗೆ ಓಡಿಸಿದ ವಿ8 ಮ್ಯಾಲಿಬುವಿನ ವಿನ್ ಕೂಡ, ಬೀದಿಯಲ್ಲಿ ಬೆಂಕಿಯುಗುಳಿದ ಎಲ್‌ಎಸ್6ನ ವಿನ್ ಕೂಡ ಒಂದೇ ಥರ ಶುರುವಾಗುತ್ತದೆ. ಖೋಟಾ ಕೆಲಸಕ್ಕೆ ಬಾಗಿಲು ತೆರೆದದ್ದು ಇಲ್ಲೇ.

ಆದ್ದರಿಂದ ಬಾನೆಟ್ ಎತ್ತಬೇಕು. ಎಂಜಿನ್ನಿನ ಮುಂಭಾಗದಲ್ಲಿ, ಬಲಗಡೆಯ ಸಿಲಿಂಡರ್ ಹೆಡ್ಡಿನ ಮುಂದೆ, ಬೆರಳಗಲದ ಒಂದು ಸಮತಟ್ಟು ಜಾಗವಿದೆ. ಅದಕ್ಕೆ ‘ಪ್ಯಾಡ್’ ಎನ್ನುತ್ತಾರೆ. ಅದರ ಮೇಲೆ ಎರಡು ಪಂಚ್ ಗುರುತು. ಒಂದು ಎಂಜಿನ್ ಕಾರ್ಖಾನೆಯದು: ಟಿ0212ಸಿಆರ್‌ವಿ ಎಂದಿದ್ದರೆ, ನ್ಯೂಯಾರ್ಕ್ ರಾಜ್ಯದ ಟೋನವಾಂಡಾದಲ್ಲಿ ಫೆಬ್ರವರಿ 12ರಂದು ಜೋಡಿಸಿದ್ದು, ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಎಲ್‌ಎಸ್6 ಎಂದರ್ಥ. ಆಟೊಮ್ಯಾಟಿಕ್ ಆಗಿದ್ದರೆ ಸಿಆರ್‌ಆರ್. ಇನ್ನೊಂದು ಗುರುತು ಕಾರು ಕಾರ್ಖಾನೆಯದು: 10ಬಿ ಮತ್ತು ಅದೇ ಆರು ಅಂಕಿಯ ಕ್ರಮಸಂಖ್ಯೆ. ಡ್ಯಾಶ್‌ಬೋರ್ಡಿನ ಆರು ಅಂಕಿ, ಪ್ಯಾಡಿನ ಆರು ಅಂಕಿ, ಗೇರ್‌ಬಾಕ್ಸಿನ ಮೇಲಿನ ಆರು ಅಂಕಿ ಒಂದೇ ಆದರೆ ಪದ ತನ್ನ ಕಟ್ಟುನಿಟ್ಟಿನ ಅರ್ಥಕ್ಕೆ ಬಂತು.

ಜನ ಇಲ್ಲಿಗೇ ನಿಲ್ಲಿಸುತ್ತಾರೆ, ನಿಲ್ಲಿಸಬಾರದು. ನನ್ನ ಮಟ್ಟಿಗೆ ‘ಮ್ಯಾಚಿಂಗ್’ ಎಂದರೆ ಅಂಕಿಗೆ ಅಂಕಿ ಹೊಂದುವುದಕ್ಕಿಂತ ಜಾತಕ ಕೂಡಿಬರುವುದು. ಎಂಜಿನ್ ಬ್ಲಾಕಿನ ಮೇಲೆ ಎರಕದ ಸಂಖ್ಯೆ ಉಬ್ಬಿರುತ್ತದೆ. 1970ರ 454ಕ್ಕೆ ಅದು 3963512. ಬ್ಲಾಕಿನ ಮೇಲೆಯೇ ಎರಕದ ದಿನಾಂಕವೂ ಇರುತ್ತದೆ: ತಿಂಗಳಿಗೆ ಒಂದು ಅಕ್ಷರ, ಜನವರಿಗೆ ಎ, ಫೆಬ್ರವರಿಗೆ ಬಿ, ಆಮೇಲೆ ತಾರೀಖು, ಕೊನೆಗೆ ವರ್ಷದ ಕೊನೆಯ ಅಂಕಿ. ಬ್ಲಾಕು ಮೊದಲು ಎರಕವಾಗಬೇಕು, ಆಮೇಲೆ ಎಂಜಿನ್ ಆಗಬೇಕು, ಆಮೇಲೆ ಕಾರಿಗೆ ಕೂರಬೇಕು. ಫೆಬ್ರವರಿ 12ರಂದು ಜೋಡಿಸಿದ ಎಂಜಿನ್ನಿನ ಬ್ಲಾಕು ಮಾರ್ಚಿನಲ್ಲಿ ಎರಕವಾಗಿದ್ದರೆ ಮಗುವಿನ ನಾಮಕರಣ ಹೆರಿಗೆಗಿಂತ ಮುಂಚೆ ಆದ ಹಾಗೆ. ಎಂಜಿನ್ ಕೋಣೆಯ ಹಿಂಗೋಡೆಯಲ್ಲಿ ಒಡಲು ತಯಾರಿಸುತ್ತಿದ್ದ ಫಿಶರ್ ಬಾಡಿ ವಿಭಾಗದ ತಗಡಿನ ಟ್ಯಾಗ್ ಇದೆ. ಅದರಲ್ಲಿ 02ಬಿ ಎಂದಿದ್ದರೆ ಒಡಲು ಫೆಬ್ರವರಿಯ ಎರಡನೇ ವಾರದ್ದು. ಹಿಂದಿನ ಆಕ್ಸಲ್, ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್ ಹೀಗೆ ಒಂದೊಂದಕ್ಕೂ ದಿನಾಂಕವಿದೆ. ಕಾರ್ಖಾನೆಗೆ ಸರಕು ಬಂದು, ಕೆಲವು ವಾರ ಕೂತು, ಕಾರು ಸೇರುತ್ತಿದ್ದುದರಿಂದ ಎಲ್ಲ ದಿನಾಂಕಗಳೂ ಕಾರಿನ ಹುಟ್ಟುದಿನಕ್ಕಿಂತ ಸ್ವಲ್ಪ ಮುಂಚಿನವಾಗಿರಬೇಕು. ಎಲ್ಲವೂ ಒಂದೇ ದಿನದ್ದಾಗಿ ಥಳಥಳ ಹೊಳೆಯುತ್ತಿದ್ದರೆ ನನಗೆ ಖುಷಿಗಿಂತ ಅನುಮಾನವೇ ಹೆಚ್ಚು.

ಪದದ ಮಿತಿಗಳನ್ನೂ ಹೇಳಿಬಿಡಬೇಕು. ಆರು ಸಿಲಿಂಡರಿನ ಬಡಪಾಯಿ ಶೆವೆಲ್ ಕೂಡ ನಂಬರ್ಸ್ ಮ್ಯಾಚಿಂಗ್ ಆಗಿರಬಹುದು. ಅದರಿಂದ ಅದು ಎಸ್‌ಎಸ್ ಆಗುವುದಿಲ್ಲ. ಇನ್ನು, ವಿನ್‌ನ ತುಂಡನ್ನು ಎಂಜಿನ್ನಿಗೆ ಪಂಚ್ ಮಾಡುವ ಪದ್ಧತಿ ಶೆವರ್ಲೆಯ ಸ್ಪೋರ್ಟ್ಸ್ ಕಾರಾದ ಕಾರ್ವೆಟ್ಟಿಗೆ 1960ರಿಂದಲೇ ಇದ್ದರೂ, ಶೆವರ್ಲೆ, ಪಾಂಟಿಯಾಕ್ ಎರಡರ ಒಡೆಯ ಜನರಲ್ ಮೋಟರ್ಸ್‌ನ ಉಳಿದ ಕಾರುಗಳಲ್ಲಿ ವ್ಯಾಪಕವಾದದ್ದು 1968ರ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನ ಶೆವೆಲ್ಲಿನ ಪ್ಯಾಡಿನ ಮೇಲೆ ಎಂಜಿನ್ ಜೋಡಿಸಿದ ದಿನಾಂಕ, ಕೋಡು ಬಿಟ್ಟರೆ ಕಾರಿನ ಕ್ರಮಸಂಖ್ಯೆಯನ್ನು ಹುಡುಕುವುದು ವ್ಯರ್ಥ. ಸಂಖ್ಯೆಯೇ ಇಲ್ಲದಲ್ಲಿ ಅದು ಹೊಂದುವುದೆಲ್ಲಿಂದ ಬಂತು? ಅಲ್ಲಿ ಹೇಳಬಹುದಾದದ್ದು ‘ಡೇಟ್ ಕೋಡ್ ಕರೆಕ್ಟ್’ ಎಂದಷ್ಟೇ: ಇದೇ ಎಂಜಿನ್ ಎಂದಲ್ಲ, ಇಂಥದೇ ಎಂಜಿನ್, ಇದೇ ಸಮಯದ್ದು ಎಂದು. ಈ ಎರಡರ ನಡುವಿನ ಅಂತರವನ್ನು ಮಾರುವವರು ಬಾಯಲ್ಲೇ ಅಳಿಸಿಬಿಡುತ್ತಾರೆ. ವಾರಂಟಿಯಲ್ಲಿ ಕಂಪನಿಯೇ ಬದಲಿಸಿಕೊಟ್ಟ ಶೆವರ್ಲೆ ಬ್ಲಾಕಿನ ಮೇಲೆ ‘ಸಿಇ’ ಎಂಬ ಗುರುತಿರುತ್ತದೆ. ಪದದ ಪ್ರಕಾರ ಅದು ಮ್ಯಾಚಿಂಗ್ ಅಲ್ಲ. ಆದರೆ ಆ ಕಾರಿನ ಚರಿತ್ರೆಯಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಅಧ್ಯಾಯ ಇನ್ನೊಂದಿಲ್ಲ.

ವಿನ್ ಮೌನವಾಗಿರುವ ಕಡೆ ಕಾಗದ ಮಾತಾಡಬೇಕು. 1964, 65ರಲ್ಲಿ ಜಿಟಿಒ ಎಂಬುದು ಪಾಂಟಿಯಾಕ್‌ನ ಲೆಮಾನ್ಸ್ ಕಾರಿನ ಹೆಚ್ಚುವರಿ ಪ್ಯಾಕೇಜ್ ಮಾತ್ರ, ವಿನ್‌ನಲ್ಲಿ ಅದರ ಸುಳಿವಿಲ್ಲ. 1966ರಿಂದ 242 ಎಂಬ ಪ್ರತ್ಯೇಕ ಸರಣಿ ಬಂತು. ಆದರೆ ಪಾಂಟಿಯಾಕ್‌ನವರ ಪುಣ್ಯ, 1961ರಿಂದೀಚೆಗಿನ ಕಾರ್ಖಾನೆ ದಾಖಲೆಗಳು ಉಳಿದವು. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ಗೆ ವಿನ್ ಕೊಟ್ಟು ಶುಲ್ಕ ಕಟ್ಟಿದರೆ ಮೂಲ ಇನ್‌ವಾಯ್ಸಿನ ಪ್ರತಿ ಬರುತ್ತದೆ. ಫೋರ್ಡ್ ಕಾರಾದರೆ ‘ಮಾರ್ಟಿ ರಿಪೋರ್ಟ್’: 1967ರಿಂದೀಚೆಗಿನ ಫೋರ್ಡ್ ಉತ್ಪಾದನೆಯ ದತ್ತಾಂಶಕ್ಕೆ ಪರವಾನಗಿ ಪಡೆದ ಅರಿಜೋನಾದ ಸಂಸ್ಥೆಯೊಂದು ಕೊಡುವ ವರದಿ. ಶೆವರ್ಲೆಗೆ ಈ ಭಾಗ್ಯವಿಲ್ಲ. ಆ ಕಾಲದ ಅಮೆರಿಕದ ಶೆವರ್ಲೆಗಳಿಗೆ ಕಾರು ಕಾರಿಗೂ ಇಂಥ ದಾಖಲೆ ಸಿಗುವುದಿಲ್ಲ. ಕೆನಡಾದಲ್ಲಿ ಮಾರಾಟವಾದ ಕಾರಾದರೆ ಜನರಲ್ ಮೋಟರ್ಸ್‌ನ ಅಲ್ಲಿಯ ಶಾಖೆಯ ದಾಖಲೆಗಳಿಂದ ಮಾಹಿತಿ ಸಿಗುತ್ತದೆ. ಗಡಿಯಾಚೆ ಮಾರಾಟವಾದದ್ದೇ ಒಂದು ಅದೃಷ್ಟ!

ಕ್ರೈಸ್ಲರ್ ಬಳಗದ ಪ್ಲಿಮತ್, ಡಾಜ್ ಕಾರುಗಳ ಕಥೆ ಬೇರೆ. ಅವುಗಳ ವಿನ್‌ನ ಐದನೇ ಅಕ್ಷರವೇ ಎಂಜಿನ್ ಯಾವುದೆಂದು ಹೇಳುತ್ತದೆ. 1971ರ ಬಿಎಸ್27ಆರ್1ಬಿ ಎಂದರೆ ಹೆಮಿ ಎಂಬ ಬಲಶಾಲಿ ಎಂಜಿನ್ನಿನ ‘ಕೂಡಾ’ ಕನ್ವರ್ಟಿಬಲ್. (ಬಾರಕೂಡಾದ ಮೊಟಕು ಹೆಸರು, ನಮ್ಮ ‘ಕೂಡ’ ಅಲ್ಲ.) ಇಂಥವು ಹುಟ್ಟಿದ್ದು ಹನ್ನೊಂದೇ ಎಂಬುದು ರೂಢಿಯ ಲೆಕ್ಕ. ಅವುಗಳಲ್ಲೊಂದು 2014ರಲ್ಲಿ ಸಿಯಾಟಲ್‌ನ ಮೆಕಮ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಆರ್ ಎಂಬ ಒಂದಕ್ಷರಕ್ಕೆ ಎಷ್ಟು ತೂಕ ನೋಡಿ. ಈ ಕಾರುಗಳಿಗೆ ಇನ್ನೊಂದು ಸಾಕ್ಷಿ ‘ಬ್ರಾಡ್‌ಕಾಸ್ಟ್ ಶೀಟ್’: ಜೋಡಣೆಯ ಸಾಲಿನಲ್ಲಿ ಕಾರ್ಮಿಕರು ಯಾವ ಭಾಗ ಹಾಕಬೇಕೆಂದು ನೋಡಿಕೊಳ್ಳುತ್ತಿದ್ದ ಹಾಳೆ. ಕೆಲಸ ಮುಗಿದ ಮೇಲೆ ಅದನ್ನು ಸೀಟಿನ ಸ್ಪ್ರಿಂಗಿಗೋ ಕಾರ್ಪೆಟ್ಟಿನ ಅಡಿಗೋ ತುರುಕಿಬಿಡುತ್ತಿದ್ದರು. ಐವತ್ತು ವರ್ಷದ ಮೇಲೆ ಸೀಟು ಬಿಚ್ಚಿದಾಗ, ಇಲಿ ಕಡಿದು, ತುಕ್ಕಿನ ಕಲೆ ಹಿಡಿದು ಹೊರಬರುವ ಆ ಹಾಳೆಯೇ ಕಾರಿನ ಮೂಲಪತ್ರ. ಶೆವರ್ಲೆಗಳ ‘ಬಿಲ್ಡ್ ಶೀಟ್’ ಕೂಡ ಹೀಗೆಯೇ, ಎಷ್ಟೋ ಸಲ ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ ಸಿಗುತ್ತದೆ. ಅದರ ಜೊತೆ ‘ಪ್ರೊಟೆಕ್ಟ್-ಒ-ಪ್ಲೇಟ್’ ಎಂಬ ವಾರಂಟಿ ಪುಸ್ತಕದ ಪುಟ್ಟ ಲೋಹದ ತಗಡು, 1958ರ ಕಾನೂನಿನಂತೆ ಕಿಟಕಿಗೆ ಅಂಟಿಸಿದ್ದ ಬೆಲೆಪಟ್ಟಿ, ಡೀಲರ್ ಕೊಟ್ಟ ಬಿಲ್ಲು, ಮೊದಲ ಮಾಲೀಕನ ಹಳೇ ಫೋಟೊ. ಬೆಂಗಳೂರಿನಲ್ಲಿ ಸೈಟು ಕೊಂಡವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಖಾತೆ, ಇಸಿ, ಮೂಲಪತ್ರ ಮೂರೂ ಒಂದೇ ಕಥೆ ಹೇಳದಿದ್ದರೆ ಅಡ್ವಾನ್ಸ್ ಕೊಡುವುದಿಲ್ಲವಲ್ಲ.

ಕಾಗದವನ್ನು ಚಹಾದಲ್ಲಿ ಅದ್ದಿ ಹಳತು ಮಾಡಬಹುದು, ಕಬ್ಬಿಣದ ಬಾಯಲ್ಲೂ ಸುಳ್ಳು ಹೇಳಿಸಬಹುದು. ಪ್ಯಾಡಿನ ಮೇಲಿನ ಹಳೇ ನಂಬರು ಉಜ್ಜಿ ಹೊಸದು ಹೊಡೆಯುವುದಕ್ಕೆ ‘ರೀಸ್ಟಾಂಪ್’ ಎನ್ನುತ್ತಾರೆ. ಬಲ್ಲವರು ಮೊದಲು ನಂಬರನ್ನು ಓದುವುದಿಲ್ಲ, ಅದರ ಹಿಂದಿನ ನೆಲವನ್ನು ಓದುತ್ತಾರೆ. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈಯನ್ನು ಬ್ರೋಚ್ ಎಂಬ ಯಂತ್ರ ಎಳೆದು ಸವರಿದಾಗ ಪ್ಯಾಡಿನ ಮೇಲೆ ಕೂದಲೆಳೆಯಂಥ ಸಮಾನಾಂತರ ಗೆರೆಗಳು ಉಳಿಯುತ್ತವೆ. ಗ್ರೈಂಡರ್ ಹೊಡೆದರೆ ಆ ಗೆರೆಗಳು ಮಾಯ, ಇಲ್ಲವೇ ಸುತ್ತು ಸುತ್ತಾಗಿ ಬೇರೆ ಗೀರು. ಆಮೇಲೆ ಅಕ್ಷರದ ಅಚ್ಚು, ಆಳ, ಸಾಲಿನ ಓರೆ. ವಿನ್ ತಗಡನ್ನು ಹಿಡಿದಿರುವ ರಿವಿಟ್ಟುಗಳನ್ನೂ ನೋಡುತ್ತಾರೆ. ಜನರಲ್ ಮೋಟರ್ಸ್‌ನವು ಹೂವಿನ ಎಸಳಿನಾಕಾರದವು, ಅವುಗಳ ಜಾಗದಲ್ಲಿ ಅಂಗಡಿಯ ಸಾದಾ ಗುಂಡು ರಿವಿಟ್ ಇದ್ದರೆ ಮಾತು ಅಲ್ಲಿಗೇ ನಿಂತಿತು. ತುಕ್ಕು ತಿಂದ ಅಸಲಿ ಕಾರಿನ ತಗಡು ಕಿತ್ತು, ಗಟ್ಟಿಮುಟ್ಟಾದ ಸಾಧಾರಣ ಕಾರಿಗೆ ಬಡಿಯುವುದು ‘ರೀಬಾಡಿ’. ವಿನ್ ಕಿತ್ತು ತಿದ್ದುವುದು ಅಮೆರಿಕದ ಕೇಂದ್ರ ಕಾನೂನಿನಡಿ ಅಪರಾಧ. ಅದನ್ನು ಹಿಡಿಯಲು ಹೀಟರ್ ಪೆಟ್ಟಿಗೆಯ ಹಿಂದೆ, ರೇಡಿಯೇಟರ್ ಚೌಕಟ್ಟಿನ ಮೇಲೆ ಅಡಗಿರುವ ಒಡಲಿನ ನಂಬರುಗಳನ್ನು ಹುಡುಕುತ್ತಾರೆ. ಎಲ್ಲ ನಕಲೂ ಮೋಸವಲ್ಲ, ಅದನ್ನೂ ಹೇಳಬೇಕು. ಮ್ಯಾಲಿಬುವಿಗೆ ಎಸ್‌ಎಸ್ ವೇಷ ಹಾಕಿ ‘ಕ್ಲೋನ್’ ಅಥವಾ ‘ಟ್ರಿಬ್ಯೂಟ್’ ಎಂದೇ ಹೇಳಿ ಮಾರುವವರಿದ್ದಾರೆ, ಅವರ ಬಗ್ಗೆ ತಕರಾರೇನಿಲ್ಲ. ಮೂರು ಕೈ ದಾಟುವಷ್ಟರಲ್ಲಿ ಆ ಪದ ಉದುರಿಹೋಗುವುದೇ ತೊಂದರೆ.

ನಮ್ಮಲ್ಲೂ ಈ ವಿಚಾರ ಕಾನೂನಿಗೆ ಬಂದಿದೆ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮದಂತೆ, ಐವತ್ತು ವರ್ಷ ದಾಟಿದ ಮತ್ತು ಚಾಸಿ, ಒಡಲು, ಎಂಜಿನ್ ದೊಡ್ಡ ಬದಲಾವಣೆಯಿಲ್ಲದೆ ಮೂಲರೂಪದಲ್ಲಿರುವ ವಾಹನಕ್ಕೆ ಮಾತ್ರ ‘ವಿಎ’ ಎಂಬ ವಿಂಟೇಜ್ ನೋಂದಣಿ. ಅಲ್ಲೂ ಕೇಳುವುದು ಅದೇ ಪ್ರಶ್ನೆ, ಮೂಲರೂಪ ಹೌದೋ ಅಲ್ಲವೋ.

ಕೊನೆಗೆ ನನಗೆ ಸಂಕಟವಾಗುವುದು ಕಳ್ಳರ ಕಾರು ನೋಡಿದಾಗಲ್ಲ, ಸಾಧುಗಳ ಕಾರು ನೋಡಿದಾಗ. ಎಂಜಿನ್ ಬಿಚ್ಚಿಸಿದ ಮಾಲೀಕ ಬ್ಲಾಕನ್ನು ಲೇತಿನ ಅಂಗಡಿಗೆ ಕಳಿಸುತ್ತಾನೆ. ಹೆಡ್ ಚೆನ್ನಾಗಿ ಕೂರಲಿ ಎಂದು ಅವರು ಮೇಲ್ಮೈ ‘ಫೇಸಿಂಗ್’ ಮಾಡುತ್ತಾರೆ, ಅಂದರೆ ತುಸು ಸವರಿ ಮಟ್ಟ ಮಾಡುತ್ತಾರೆ. ಪ್ಯಾಡು ಅದೇ ಮಟ್ಟದಲ್ಲಿರುವುದರಿಂದ ಅದೂ ಸವೆಯುತ್ತದೆ, ನಂಬರು ಚೂರುಗಳ ಜೊತೆ ಕಸದ ಬುಟ್ಟಿಗೆ. ಎಂಜಿನ್ ಅದೇ, ಕಾರು ಅದೇ, ಹೇಳಲು ಸಾಕ್ಷಿಯಿಲ್ಲ. ಬುದ್ಧಿವಂತರು ಬ್ಲಾಕ್ ಕಳಿಸುವ ಮುಂಚೆ ಪ್ಯಾಡಿನ ಎಣ್ಣೆ ಒರೆಸಿ, ಒಳ್ಳೆ ಬೆಳಕಿನಲ್ಲಿ ಫೋಟೊ ತೆಗೆದು, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡುತ್ತಾರೆ. ‘ಪ್ಯಾಡ್ ಮುಟ್ಟಬೇಡಿ’ ಎಂದು ಬ್ಲಾಕಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆದು ಕಳಿಸುವವರೂ ಉಂಟು.