ಅಮಾವಾಸ್ಯೆಯ ಮಧ್ಯಾಹ್ನ ಹನ್ನೆರಡು ಗಂಟೆ

ಪ್ರತಿ ಮಳೆಗಾಲದಲ್ಲಿ ಒಮ್ಮೆಯಾದರೂ ಮಾಟುಂಗಾದ ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿಗೆ ಆ ಸಂದೇಶ ಬಂದೇ ಬರುತ್ತದೆ: ‘ನಾಳೆ ಮುಂಬಯಿಗೆ 4.8 ಮೀಟರ್ ಎತ್ತರದ ಅಲೆಗಳು ಅಪ್ಪಳಿಸಲಿವೆ.’ ಕಳೆದ ವರ್ಷ ಇದನ್ನು ಓದಿದ ಮೂರನೇ ಮಹಡಿಯ ಅಜ್ಜಿ, ಮೊದಲೇ ಅಮಾವಾಸ್ಯೆ ಎಂದು ಹೆದರಿ ತುಪ್ಪದ ದೀಪ ಹಚ್ಚಿ ಕುಳಿತರು. ನೆಲಮಹಡಿಯವರಾದರೋ ಅಕ್ಕಿ ಡಬ್ಬವನ್ನೂ ಎತ್ತಿಡಲಿಲ್ಲ. ಅಲೆ ಬಂದರೆ ಮರೀನ್ ಡ್ರೈವಿಗೆ, ನಮಗೇನು ಎಂಬ ಧೈರ್ಯ.

4.8 ಮೀಟರ್ ಅಲೆಯ ಎತ್ತರವೇ ಅಲ್ಲ. ಉಬ್ಬರದ ಹೊತ್ತಿಗೆ (ನೆರೆಯ ಮರಾಠಿಗರ ಬಾಯಲ್ಲಿ ‘ಭರತಿ’) ಇಡೀ ಸಮುದ್ರದ ಮಟ್ಟ ಎಲ್ಲಿಗೆ ಏರುತ್ತದೆ ಎಂಬ ಲೆಕ್ಕ ಅದು. ಬಕೆಟ್ ತುಂಬುವುದು ಬೇರೆ, ತುಂಬಿದ ಬಕೆಟ್ಟಿನಲ್ಲಿ ಮಗು ಕೈ ಬಡಿಯುವುದು ಬೇರೆ. ನಮ್ಮ ಮನೆಗೆ ನೀರು ನುಗ್ಗಿಸುವುದು ತುಂಬಿದ ಬಕೆಟ್.

ಹೇಗೆಂದರೆ, ಈ ಊರಿನ ಹಳೆಯ ಮಳೆನೀರಿನ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಗೆ, ಅದೂ ಸಮುದ್ರ ಇಳಿದಿರುವಾಗ. ಉಬ್ಬರದಲ್ಲಿ ಚರಂಡಿಯ ಬಾಯಿಗೆ ಸಮುದ್ರವೇ ಬಿರಡೆ. ಸಂಜೆ ಆರಕ್ಕೆ ದಾದರ್ ನಿಲ್ದಾಣದಲ್ಲಿ ಲೋಕಲ್‌ನಿಂದ ಇಳಿಯಲು ಹೋದವನನ್ನು ಹತ್ತುವವರು ಮತ್ತೆ ಒಳಗೇ ದಬ್ಬುವಂತೆ. ಹಾಜಿ ಅಲಿ, ಇರ್ಲಾಗಳಲ್ಲಿ ಪಂಪುಗಳಿವೆ, ನಿಜ. ಆದರೆ ಏಳು ದ್ವೀಪಗಳ ನಡುವಿನ ಕಡಲನ್ನು ಹೂಳಿ ಕಟ್ಟಿದ ಊರು ಇದು. 1780ರ ದಶಕದಲ್ಲಿ ಗವರ್ನರ್ ಹಾರ್ನ್‌ಬಿ ಮಹಾಲಕ್ಷ್ಮಿಯ ಬಳಿ ಒಡ್ಡು ಹಾಕಿಸಿದಾಗ ಸಮುದ್ರ ಹೊರಗುಳಿಯಿತು, ತಗ್ಗು ಮಾತ್ರ ತಗ್ಗಾಗಿಯೇ ಉಳಿಯಿತು.

ಇನ್ನು ನನ್ನ ಪ್ರೀತಿಯ ಸಂಗತಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಗೋಡೆ ಗಡಿಯಾರ ನೋಡಿ: ಹನ್ನೆರಡಕ್ಕೆ ಎರಡೂ ಮುಳ್ಳು ಒಂದಾಗಿರುತ್ತವೆ. ದೊಡ್ಡ ಮುಳ್ಳು ಸುತ್ತು ಮುಗಿಸಿ ಮರಳುವಷ್ಟರಲ್ಲಿ ಚಿಕ್ಕದು ಒಂದರ ಬಳಿಗೆ ಸರಿದಿರುತ್ತದೆ. ಹಿಡಿಯಲು ಇನ್ನೂ ಐದು ನಿಮಿಷ ಬೇಕು. ಭೂಮಿ ದೊಡ್ಡ ಮುಳ್ಳು, ಉಬ್ಬರ ಎಬ್ಬಿಸುವ ಚಂದ್ರ ಚಿಕ್ಕ ಮುಳ್ಳು. ಗಡಿಯಾರ ಒಗ್ಗದಿದ್ದರೆ ರಥಬೀದಿಗೆ ಬನ್ನಿ: ನೀವು ಒಂದು ಸುತ್ತು ಹಾಕಿ ಬರುವಾಗ ತೇರು ನಾಲ್ಕು ಮನೆ ಮುಂದೆ ಹೋಗಿರುತ್ತದೆ.

ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಉಬ್ಬರ ಬರುವುದು ಹೆಚ್ಚುಕಡಿಮೆ ಹನ್ನೆರಡು ಗಂಟೆಗೆ, ಹಗಲೂ ರಾತ್ರಿಯೂ. ಅಲ್ಲಿಂದ ತಿಥಿಗೆ 50 ನಿಮಿಷ ಕೂಡಿಸುತ್ತ ಹೋಗಿ. ಅಷ್ಟಮಿಗೆ ಸುಮಾರು ಆರೂವರೆ ಗಂಟೆ. ಅಷ್ಟಮಿಯ ಉಬ್ಬರ ಸಪ್ಪೆ. ದೊಡ್ಡದು ಅಮಾವಾಸ್ಯೆ, ಹುಣ್ಣಿಮೆಗಳಾದ ಒಂದೆರಡು ದಿನಕ್ಕೆ. ಸೂರ್ಯ, ಚಂದ್ರರ ಸೆಳೆತ ಆಗ ಒಂದೇ ಗೆರೆಯಲ್ಲಿರುತ್ತದೆ, ಅಷ್ಟೇ. ಅದರಲ್ಲಿ ಅಶುಭವೇನೂ ಇಲ್ಲ. ಈ ಲೆಕ್ಕ ಅರ್ಧ ಗಂಟೆ ಆಚೀಚೆ ಆದೀತು, ಮಂಗಳೂರಿಗೆ ಒಯ್ದರಂತೂ ಕೆಡುತ್ತದೆ: ಬಂದರಿಗೊಂದು ಹೊತ್ತು.

ಮುಂಬಯಿ ಮುಳುಗಿದ 2005ರ ಜುಲೈ 26ಕ್ಕೆ ಇದನ್ನು ಹಚ್ಚಿ ನೋಡಿ. ಹುಣ್ಣಿಮೆ 21ಕ್ಕೆ. ಐದು ದಿನ, 250 ನಿಮಿಷ, ಅಂದರೆ ನಾಲ್ಕು ಗಂಟೆ ದಾಟಿದ ಹೊತ್ತು. ಅಂದು ಉಬ್ಬರ ಬಂದದ್ದು ನಾಲ್ಕರ ಸುಮಾರಿಗೇ, ಸಾಂತಾಕ್ರೂಜ್‌ನಲ್ಲಿ ಮಳೆ ಹುಚ್ಚೆದ್ದು ಸುರಿಯುತ್ತಿದ್ದಾಗ. ಅಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್. ಅದೇ ಊರಿನ ಕೊಲಾಬಾದಲ್ಲಿ 75 ಕೂಡ ಇಲ್ಲ. ಗಾಜು ಏರಿಸಿಕೊಂಡು ಕಾರಿನಲ್ಲಿ ಕುಳಿತ ಕೆಲವರು ಬಾಗಿಲು ತೆರೆಯಲಾಗದೆ ಉಸಿರುಗಟ್ಟಿ ಸತ್ತರು. ಮೀಟರ್ ಅಗಲದ ಬಾಗಿಲಿಗೆ ಹೊರಗಿನಿಂದ ಅರ್ಧ ಮೀಟರ್ ನೀರು ಒತ್ತಿದರೆ ಸುಮಾರು 125 ಕಿಲೋ ಭಾರದಷ್ಟು ಬಲ.

ಆದ್ದರಿಂದ ಭಾರಿ ಮಳೆಯ ಮುನ್ಸೂಚನೆಯೂ ದೊಡ್ಡ ಉಬ್ಬರವೂ ಒಂದೇ ದಿನ ಬಿದ್ದರೆ, ಉಬ್ಬರಕ್ಕೆ ಎರಡು ಗಂಟೆ ಮೊದಲೇ ಕುಡಿಯುವ ನೀರು ತುಂಬಿಸಿ, ಔಷಧಿ, ಕಾಗದಪತ್ರ ಅಟ್ಟಕ್ಕೇರಿಸಿ, ಮೊಬೈಲ್ ಚಾರ್ಜ್ ಮಾಡಿಡಿ. ನೀರು ಮೀಟರ್ ಪೆಟ್ಟಿಗೆಯತ್ತ ಬರುವ ಮೊದಲೇ, ಕೈಕಾಲು ಒಣಗಿರುವಾಗ, ಮೇನ್ ಸ್ವಿಚ್ ಆರಿಸಿ. ಪಾಲಿಕೆಯ ಸಹಾಯವಾಣಿ 1916. ಹುಡುಗರು ಮ್ಯಾನ್‌ಹೋಲ್ ಮುಚ್ಚಳ ಎತ್ತಲು ಹೊರಟರೆ ಗದರಿಸಿ: ಅತ್ತ ಬಿರಡೆ ಬಿದ್ದಿರುವಾಗ ಇತ್ತ ಬಾಯಿ ತೆರೆದರೆ ನೀರು ಹೋಗುವುದೆಲ್ಲಿಗೆ? 2017ರ ಆಗಸ್ಟ್ 29ರ ಮಳೆಯಲ್ಲಿ ಹಿರಿಯ ವೈದ್ಯರೊಬ್ಬರು ಅಂಥ ತೆರೆದ ಮ್ಯಾನ್‌ಹೋಲಿಗೇ ಬಿದ್ದು ತೀರಿಕೊಂಡರು.

ನಮ್ಮ ಕಟ್ಟಡದಲ್ಲಿ ತಿಥಿಯನ್ನು ತಪ್ಪದೆ ಬಲ್ಲವರು ಒಬ್ಬರೇ, ಮೂರನೇ ಮಹಡಿಯ ಅಜ್ಜಿ. ಅವರಿಗೆ ಕೂಡಿಸುವ ಲೆಕ್ಕ ಹೇಳಿಕೊಟ್ಟೆ. ಈ ಸಲದ ಮಳೆಯಲ್ಲಿ ಗುಂಪಿಗೆ ಅವರಿಂದ ಬಂದದ್ದು ಇಷ್ಟೇ: ‘ನಾಳೆ ತದಿಗೆ. ಎರಡೂವರೆ.’ ಮರುದಿನ ಹನ್ನೆರಡಕ್ಕೆಲ್ಲ ನೆಲಮಹಡಿಯ ಅಕ್ಕಿ ಡಬ್ಬ ಅಟ್ಟದ ಮೇಲಿತ್ತು.