ಸೀಪ್ಲೇನ್ ಮಾಡೆಲ್‌ಗೆ ತುಕ್ಕಿನ ಬಣ್ಣ ಯಾವುದು ಹಚ್ಚಬೇಕು?

"ಸರ್, ಕ್ಯಾಟಲೀನಾ ಕಿಟ್ ಜೋಡಿಸಿ ಮುಗಿಸೀನ್ರಿ. ಸಮುದ್ರದಾಗ ಇಳಿಯೋ ವಿಮಾನ ಅಲ್ರಿ, ತುಕ್ಕು ಹಿಡಿದಂಗ ಕಾಣಬೇಕಂದ್ರ ಯಾವ ಬಣ್ಣ ಹಚ್ಚಬೇಕು?"

ಈ ಸಲ ಕೇಳಿದವರು ಹುಬ್ಬಳ್ಳಿಯವರು. ಹೋದ ಸಲ ಕೇಳಿದವರು ಗದಗಿನವರು, ಅದಕ್ಕೂ ಮುಂಚೆ ರಾಣೇಬೆನ್ನೂರಿನವರು. ಒಬ್ಬರ ಕೈಯಲ್ಲಿ ಕ್ಯಾಟಲೀನಾ, ಇನ್ನೊಬ್ಬರ ಕೈಯಲ್ಲಿ ಸಂಡರ್‌ಲ್ಯಾಂಡ್, ಮತ್ತೊಬ್ಬರ ಕೈಯಲ್ಲಿ ವಾಲ್ರಸ್, ಎಲ್ಲವೂ ನೀರಿನ ಮೇಲೆ ಇಳಿಯುವ ಹಳೇ ವಿಮಾನಗಳ ಪ್ಲಾಸ್ಟಿಕ್ ಮಾಡೆಲ್‌ಗಳು. ಪ್ರಶ್ನೆ ಮಾತ್ರ ಅದೇ. ಪ್ರತಿಯೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಹಾಗಾಗಿ ಒಮ್ಮೆ ಪೂರ್ತಿ ಬರೆದು ಬಿಡುತ್ತೇನೆ, ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಉತ್ತರ ಇಷ್ಟೇ: ತುಕ್ಕಿನ ಬಣ್ಣ ಹಚ್ಚಬೇಡಿ. ವಿಮಾನಕ್ಕೆ ತುಕ್ಕು ಹಿಡಿಯುವುದಿಲ್ಲ.

ತುಕ್ಕು ಹಿಡಿಯುವುದು ಕಬ್ಬಿಣಕ್ಕೆ, ಉಕ್ಕಿಗೆ. ಕ್ಯಾಟಲೀನಾ, ಸಂಡರ್‌ಲ್ಯಾಂಡ್‌ನಂಥ ವಿಮಾನಗಳ ಮೈ ಡ್ಯುರಾಲುಮಿನ್ ಜಾತಿಯ ಲೋಹದ್ದು. ಅಂದರೆ ಅಲ್ಯೂಮಿನಿಯಂಗೆ ಸುಮಾರು ನೂರಕ್ಕೆ 4ರಷ್ಟು ತಾಮ್ರ, ಜೊತೆಗೆ ಸ್ವಲ್ಪ ಮೆಗ್ನೀಸಿಯಂ, ಮ್ಯಾಂಗನೀಸ್ ಸೇರಿಸಿದ್ದು. ಅದರಲ್ಲಿ ಕಬ್ಬಿಣವೇ ಇಲ್ಲ ಅನ್ನುವಷ್ಟು ಕಡಿಮೆ. ಮನೆಯಲ್ಲಿ ಹಳೇ ಅಲ್ಯೂಮಿನಿಯಂ ಪಾತ್ರೆ ಇದ್ದರೆ ತೆಗೆದು ನೋಡಿ. ಉಪ್ಪು, ಹುಣಸೆಹುಳಿ ತಗುಲಿದ ಕಡೆ ಬೂದು ಕಲೆ, ಬಿಳಿ ಪುಡಿ, ಸಣ್ಣ ಸಣ್ಣ ಗುಳಿ ಕಾಣುತ್ತವೆ. ಎಲ್ಲಾದರೂ ಕೆಂಪು ಕಂಡಿತಾ? ಸಮುದ್ರದ ನೀರಿನಲ್ಲಿ ಇಳಿದ ವಿಮಾನಕ್ಕೆ ಆಗುವುದೂ ಅದೇ.

ಇಷ್ಟು ಹೇಳಿದರೆ ಕೂಡಲೇ ಮರುಪ್ರಶ್ನೆ ಬರುತ್ತದೆ. "ಹಂಗಾದ್ರ ಉಪ್ಪುನೀರಿಗೆ ಏನೂ ಆಗೂದಿಲ್ಲೇನ್ರಿ?" ಆಗುತ್ತದೆ, ಜಾಸ್ತಿಯೇ ಆಗುತ್ತದೆ. ಡ್ಯುರಾಲುಮಿನ್‌ಗೆ ಗಟ್ಟಿತನ ಕೊಡುವ ತಾಮ್ರವೇ ಉಪ್ಪುನೀರಿನಲ್ಲಿ ಅದಕ್ಕೆ ವೈರಿ. ಸುಮ್ನೆ ಬಿಟ್ಟರೆ ಲೋಹ ಒಳಗೊಳಗೇ ತಿಂದುಹೋಗುತ್ತದೆ. ಉಕ್ಕಿನ ಬೋಲ್ಟ್ ತಗುಲಿದ ಜಾಗದಲ್ಲಿ ಇನ್ನೂ ಬೇಗ ಹೋಗುತ್ತದೆ, ಅದೂ ಬೋಲ್ಟ್‌ಗಿಂತ ಮೊದಲು ಸುತ್ತಲಿನ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಈಗ ಮನೆಯ ಕಿಟಕಿ ಫ್ರೇಮಿನಿಂದ ಹಿಡಿದು ಮೊಬೈಲಿನ ಮೈವರೆಗೆ ಎಲ್ಲ ಕಡೆ ಅನೋಡೈಸಿಂಗ್ ಮಾಡುತ್ತಾರಲ್ಲ (ವಿದ್ಯುತ್ ಹರಿಸಿ ಅಲ್ಯೂಮಿನಿಯಂ ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು), ಅದನ್ನು 1923ರಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಬಳಸಿದ್ದೇ ಸೀಪ್ಲೇನಿನ ಡ್ಯುರಾಲುಮಿನ್ ಭಾಗಗಳನ್ನು ಉಪ್ಪಿನಿಂದ ಕಾಪಾಡಲು. ಆಮೇಲೆ ಡ್ಯುರಾಲುಮಿನ್ ಹಾಳೆಯ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಅಂಟಿಸಿದ ಆಲ್‌ಕ್ಲಾಡ್ ಬಂತು, ಪೇಂಟಿನ ಕೆಳಗೆ ಹಚ್ಚುವ ಜಿಂಕ್ ಕ್ರೋಮೇಟ್ ಪ್ರೈಮರ್ ಬಂತು. ಇದರ ಮೇಲೆ ಪೇಂಟ್ ಬೇರೆ. ಹಾರಾಟ ಮುಗಿಸಿ ಬಂದ ವಿಮಾನವನ್ನು ಸಿಹಿನೀರಿನಿಂದ ತೊಳೆಯುವುದು ಅದನ್ನು ನೋಡಿಕೊಳ್ಳುವ ಕೆಲಸಗಾರರ ದಿನದ ಪಾಡಾಗಿತ್ತು. ಇಷ್ಟೆಲ್ಲ ಕಷ್ಟಪಟ್ಟು ಕಾಪಾಡಿದ ವಿಮಾನದ ಮೇಲೆ ನಾವು ಕಿತ್ತಳೆ ಬಣ್ಣ ಸುರಿದರೆ ಆ ಜನರ ಕೆಲಸವನ್ನೇ ಅಳಿಸಿದಂತೆ ಅಂತ ನನಗೆ ಅನ್ನಿಸುತ್ತದೆ.

ಇನ್ನೂ ಹಳೆಯ ವಿಮಾನಗಳ ಕಥೆ ಕೇಳಿ. ಮೊದಲ ಮಹಾಯುದ್ಧದ ಬ್ರಿಟಿಷ್ ಸೀಪ್ಲೇನ್ ಫೆಲಿಕ್ಸ್‌ಸ್ಟೋ ಎಫ್.2ಎಯ ಹಲ್ (ನೀರಿನಲ್ಲಿ ತೇಲುವ ದೋಣಿಯಂಥ ಮೈ) ಮರದ್ದು, ರೆಕ್ಕೆ ಬಟ್ಟೆಯದು. ಮರಕ್ಕೆ, ಬಟ್ಟೆಗೆ ತುಕ್ಕು ಎಲ್ಲಿಂದ ಬರಬೇಕು? ಲೋಹದ ಕ್ಯಾಟಲೀನಾದಲ್ಲೂ ರೆಕ್ಕೆಯ ಹಿಂಭಾಗ, ವಿಮಾನವನ್ನು ತಿರುಗಿಸುವ, ಏರಿಳಿಸುವ ಬಾಲದ ರಡ್ಡರ್, ಎಲಿವೇಟರ್ ಎಲ್ಲ ಬಟ್ಟೆ. ರಡ್ಡರ್ ಮೇಲೆ ತುಕ್ಕಿನ ಗೆರೆ ಎಳೆದ ಕ್ಯಾಟಲೀನಾಗಳ ಫೋಟೊ ನನಗೆ ಎಷ್ಟು ಬಂದಿವೆ ಅಂದರೆ, ಈಗ ಫೋಟೊ ತೆರೆದ ಕೂಡಲೇ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಈ ತಪ್ಪು ತಿಳಿವಳಿಕೆ ಎಲ್ಲಿಂದ ಬರುತ್ತದೆ ಅಂತ ಗೊತ್ತಿದೆ. ಒಂದು, ವಿಡಿಯೊಗಳಿಂದ. ವೆದರಿಂಗ್, ಅಂದರೆ ಮಾಡೆಲ್ ಬಳಸಿ ಹಳೆಯದಾದಂತೆ ಕಾಣಿಸುವುದನ್ನು ಕಲಿಸುವ ವಿಡಿಯೊಗಳಲ್ಲಿ ಬಹಳಷ್ಟು ಟ್ಯಾಂಕ್, ಹಡಗು, ರೈಲಿನವು. ಅವೆಲ್ಲ ಉಕ್ಕಿನವು, ಅವಕ್ಕೆ ತುಕ್ಕು ಸರಿ. ಹುಬ್ಬಳ್ಳಿಯವರಿಗೆ ಇದು ಇನ್ನೂ ಸುಲಭವಾಗಿ ತಲೆಗೆ ಕೂರುತ್ತದೆ, ಯಾಕೆಂದರೆ ರೈಲ್ವೆ ಯಾರ್ಡಿನಲ್ಲಿ ನಿಂತ ಗೂಡ್ಸ್ ವ್ಯಾಗನ್ ನೋಡುತ್ತ ಬೆಳೆದವರು ನಾವು, ಹಳೆಯದು ಅಂದರೆ ಕೆಂಪು ಗೆರೆ ಇಳಿದಿರಲೇಬೇಕು ಅಂತ ಕಣ್ಣಿಗೆ ರೂಢಿಯಾಗಿದೆ. ಕಾರವಾರ, ಗೋವಾ ಕಡೆ ಹೋದಾಗ ಮನೆಗಳ ಕಿಟಕಿ ಸರಳು ನೋಡಿ ಬಂದವರಿಗಂತೂ ಸಮುದ್ರ ಅಂದರೆ ತುಕ್ಕು ಅಂತಲೇ. ಎರಡನೆಯದು, ಹಳೇ ಫೋಟೊಗಳಲ್ಲಿ ಕಾಣುವ ಕಂದು ಕಲೆಗಳು. ಅವು ಎಕ್ಸಾಸ್ಟ್ ಹೊಗೆ ಮತ್ತು ಎಂಜಿನ್ ಆಯಿಲ್. ದೊಡ್ಡ ರೇಡಿಯಲ್ ಎಂಜಿನ್‌ಗಳು ಆಯಿಲ್ ಕಾರುತ್ತಲೇ ಹಾರುತ್ತಿದ್ದವು. ಆ ಗೆರೆಗಳು ಎಂಜಿನ್ ಹಿಂದೆ, ಗಾಳಿ ಹೋಗುವ ದಿಕ್ಕಿನಲ್ಲಿ ಇರುತ್ತವೆ. ಮೂರನೆಯದು, ಬ್ರಿಟಿಷ್ ವಿಮಾನಗಳ ಬಟ್ಟೆಯನ್ನು ಬಿಗಿ ಮಾಡಲು ಮೊದಲು ಹಚ್ಚುತ್ತಿದ್ದ ಕೆಂಪು ಡೋಪ್ ಎಂಬ ಲೇಪ. ಮೇಲಿನ ಪೇಂಟ್ ಕಿತ್ತ ಕಡೆ ಅದು ಇಣುಕುತ್ತದೆ, ನೋಡಿದವರು ತುಕ್ಕು ಅಂದುಕೊಳ್ಳುತ್ತಾರೆ.

ಅಳತೆಯ ಲೆಕ್ಕವನ್ನೂ ಮರೆಯಬೇಡಿ. 1:72 ಕಿಟ್ (ನಿಜವಾದ ವಿಮಾನದ 72ರಲ್ಲಿ ಒಂದು ಪಾಲು ಅಳತೆಯದ್ದು) ಮೇಲೆ 2 ಮಿಲಿಮೀಟರ್ ಅಗಲದ ಗೆರೆ ಎಳೆದರೆ ನಿಜವಾದ ವಿಮಾನದಲ್ಲಿ ಅದು 14 ಸೆಂಟಿಮೀಟರ್‌ಗಿಂತ ಅಗಲ. ಅಷ್ಟು ಅಗಲದ ತುಕ್ಕು ಇಳಿಯುತ್ತಿರುವ ವಿಮಾನವನ್ನು ಯಾವ ಪೈಲಟ್ ಹತ್ತುತ್ತಾನೆ ಹೇಳಿ.

ಹಾಗಂತ ತುಕ್ಕಿಗೆ ಜಾಗವೇ ಇಲ್ಲ ಅಂತಲ್ಲ. ಲಂಗರು, ಅದರ ಸರಪಳಿ, ವಿಮಾನವನ್ನು ದಡಕ್ಕೆ ಎಳೆಯಲು ಹಾಕುವ ಬೀಚಿಂಗ್ ಗೇರ್‌ನ ಗಾಲಿ-ಚೌಕಟ್ಟು, ಇವು ಉಕ್ಕಿನವು. ಇಲ್ಲಿ ಧಾರಾಳವಾಗಿ ಹಚ್ಚಿ. ಎಕ್ಸಾಸ್ಟ್ ಕೊಳವೆಗಳು ಕಾದು ಕಾದು ಕಂದು-ನೇರಳೆ ಛಾಯೆಗೆ ತಿರುಗಿರುತ್ತವೆ, ಅಲ್ಲಿ ಸ್ವಲ್ಪ ತುಕ್ಕಿನ ಬಣ್ಣ ಬೆರೆಸಿದರೆ ತಪ್ಪಿಲ್ಲ. ಅಷ್ಟಕ್ಕೆ ನಿಲ್ಲಿಸಿ.

ಹಾಗಾದರೆ ಹಲ್ ಮೇಲೆ ಏನು ಹಚ್ಚಬೇಕು? ಉಪ್ಪು ಒಣಗಿದ ಬಿಳಿ ಕಲೆ. ಆರ್ಟಿಸ್ಟ್ ಆಯಿಲ್ ಪೇಂಟಿನ ಬಿಳಿ ಟ್ಯೂಬ್ ತಗೊಳ್ಳಿ, ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ, ಆಮದು ಬಾಟಲಿಗೆ ದುಡ್ಡು ಸುರಿಯಬೇಕಿಲ್ಲ. ಅದಕ್ಕೆ ಚೂರೇ ಚೂರು ಕಂದು ಸೇರಿಸಿ. ರಟ್ಟಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಎಣ್ಣೆಯನ್ನು ರಟ್ಟು ಹೀರುತ್ತದೆ, ಬಣ್ಣ ಮಂದವಾಗಿ ಒಣಗುತ್ತದೆ. ಮಾಡೆಲ್‌ಗೆ ಮೊದಲು ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ವಾರ್ನಿಶ್, ಹೊಡೆದಿರಬೇಕು. ಸಣ್ಣ ಚುಕ್ಕೆ ಇಟ್ಟು, ಥಿನ್ನರ್‌ನಲ್ಲಿ ಅದ್ದಿ ಒರೆಸಿದ ಬ್ರಶ್‌ನಿಂದ ಎಳೆಯಿರಿ. ಆರ್ಟಿಸ್ಟ್‌ಗಳು ಬಳಸುವ ವಾಸನೆ ಇಲ್ಲದ ಥಿನ್ನರ್ ಒಳ್ಳೆಯದು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಮಾತ್ರ ಹತ್ತಿರ ತರಬೇಡಿ, ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಯಾವ ಕಡೆಗೆ ಎಳೆಯಬೇಕು ಅನ್ನುವುದು ಮುಖ್ಯ. ವಿಮಾನ ನೀರಿನ ಮೇಲೆ ಓಡುವಾಗ ಸಿಡಿಯುವ ನೀರು ಮೂತಿಯ ಅಂಚಿನಿಂದ ಹಿಂದಕ್ಕೆ, ಓರೆಯಾಗಿ ಹೋಗುತ್ತದೆ. ನಿಂತಾಗ ಇಳಿಯುವ ನೀರು ನೇರ ಕೆಳಕ್ಕೆ. ಎರಡನ್ನೂ ತೋರಿಸಿ. ಹಲ್ ತಳದಲ್ಲಿ ಒಂದು ಮೆಟ್ಟಿಲು ಇರುತ್ತದಲ್ಲ, ನೀರಿನ ಹಿಡಿತ ಬಿಡಿಸಿ ವಿಮಾನವನ್ನು ಮೇಲೆತ್ತುವುದು ಅದೇ. ಅದರ ಮುಂದಿನ ತಳಕ್ಕೆ ನೀರಿನ ಪೆಟ್ಟು ಜಾಸ್ತಿ, ಅಲ್ಲಿ ಪೇಂಟ್ ಕಿತ್ತು ಮಂಕಾದ ಅಲ್ಯೂಮಿನಿಯಂ ಕಾಣುತ್ತದೆ. ಸ್ಪಂಜಿನ ತುಂಡಿನಿಂದ ಸಿಲ್ವರ್ ಬಣ್ಣ ಮೆಲ್ಲಗೆ ತಟ್ಟಿ. ಪ್ರೊಪೆಲರ್ ತುದಿಗಳಿಗೂ ಹಾಗೇ ಮಾಡಿ, ನೀರಿನ ಹನಿ ಬಡಿದು ಅವು ಸವೆಯುತ್ತವೆ. ಎಂಜಿನ್‌ಗಳನ್ನು ಅಷ್ಟು ಎತ್ತರದಲ್ಲಿ ಇಟ್ಟಿದ್ದೇ ಆ ಹನಿಗಳಿಂದ ದೂರ ಇರಲಿ ಅಂತ. ನನ್ನ ಹತ್ತಿರ ಕಲಿತ ಧಾರವಾಡದ ಹುಡುಗ ಒಬ್ಬ ವಾಲ್ರಸ್ ಮಾಡಿ ತಂದಿದ್ದ. ಇಡೀ ಮೈಯಲ್ಲಿ ಕಿತ್ತಳೆ ಬಣ್ಣದ ಒಂದು ಚುಕ್ಕೆ ಇರಲಿಲ್ಲ, ನೀರು ಮುಟ್ಟುವ ಗೆರೆಯ ಮೇಲೆ ತೆಳುವಾದ ಬಿಳಿ, ಎಂಜಿನ್ ಹಿಂದೆ ಆಯಿಲ್ ಮಸಿ, ಅಷ್ಟೇ. ನೋಡಿದ ಕೂಡಲೇ ಇದು ನೀರಿನಿಂದ ಎದ್ದು ಬಂದ ವಿಮಾನ ಅಂತ ಗೊತ್ತಾಗುತ್ತಿತ್ತು. ಅವತ್ತು ನನಗೆ ಆದ ಖುಷಿ ಸಣ್ಣದಲ್ಲ.

ಈ ಬಿಳಿ ಕಲೆಯ ಮಾತು ಬಂದಾಗ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಕೇಳಬೇಕು ಅಂತ ನನಗೆ ಆಸೆ. ಸೀಪ್ಲೇನ್ ಅಂದ ಮಾತ್ರಕ್ಕೆ ಅದು ಸಮುದ್ರದಲ್ಲೇ ಇಳಿಯುತ್ತಿತ್ತಾ?

ಇಲ್ಲ. ಇಟಲಿಯ ಕೆಂಪು ಸೀಪ್ಲೇನ್ ಮಕ್ಕಿ ಎಂ.ಸಿ.72 ನೋಡಿ. 1934ರ ಅಕ್ಟೋಬರ್ 23ರಂದು ಪೈಲಟ್ ಫ್ರಾಂಚೆಸ್ಕೊ ಅಜೆಲ್ಲೊ ಅದರಲ್ಲಿ ಗಂಟೆಗೆ 709 ಕಿಲೋಮೀಟರ್ ವೇಗ ಮುಟ್ಟಿದ, ಪಿಸ್ಟನ್ ಎಂಜಿನ್ ಸೀಪ್ಲೇನ್‌ಗಳಲ್ಲಿ ಆ ದಾಖಲೆ ಇವತ್ತಿಗೂ ಮುರಿದಿಲ್ಲ. ಅದು ನಡೆದಿದ್ದು ಗಾರ್ಡಾ ಸರೋವರದ ಮೇಲೆ, ಸಿಹಿನೀರು. ನಮ್ಮ ದೇಶದ ಮೇಲೆ 1930ರ ದಶಕದ ಕೊನೆಯಲ್ಲಿ ಹಾದು ಹೋಗುತ್ತಿದ್ದ ಬ್ರಿಟಿಷ್ ವಿಮಾನ ಕಂಪನಿ ಇಂಪೀರಿಯಲ್ ಏರ್‌ವೇಸ್‌ನ ಶಾರ್ಟ್ ಎಂಪೈರ್ ಫ್ಲೈಯಿಂಗ್ ಬೋಟ್‌ಗಳು (ದೋಣಿಯಂಥ ಮೈಯ ವಿಮಾನಗಳು) ಕರಾಚಿ ಬಿಟ್ಟ ಮೇಲೆ ರಾಜಸ್ಥಾನದ ರಾಜಸಮಂದ್ ಸರೋವರ, ಆಮೇಲೆ ಗ್ವಾಲಿಯರ್, ಅಲಹಾಬಾದ್, ಕಲ್ಕತ್ತಾ ಹೀಗೆ ಇಳಿಯುತ್ತಿದ್ದವು. ಸಮುದ್ರ ಎಲ್ಲಿದೆ ಅಲ್ಲಿ? ಎರಡನೇ ಮಹಾಯುದ್ಧದಲ್ಲಿ ಮದ್ರಾಸಿನ ರೆಡ್ ಹಿಲ್ಸ್ ಕೆರೆಯಲ್ಲಿ ಬ್ರಿಟಿಷ್ ವಾಯುಪಡೆಯ ಕ್ಯಾಟಲೀನಾಗಳು ಇದ್ದವು. ಇನ್ನೂ ಹತ್ತಿರದ ಮಾತು ಬೇಕಾ? ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆಗೆ ಯುದ್ಧದ ಸಮಯದಲ್ಲಿ ಕ್ಯಾಟಲೀನಾಗಳು ರಿಪೇರಿಗೆ ಬರುತ್ತಿದ್ದವು, ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ವಾಕಿಂಗ್ ಹೋಗುವವರು ಒಮ್ಮೆ ಆ ನೀರಿನ ಮೇಲೆ ಸುಮಾರು 32 ಮೀಟರ್ ರೆಕ್ಕೆಯ ವಿಮಾನ ನಿಂತಿದ್ದನ್ನು ಊಹಿಸಿ ನೋಡಿ, ಕೆರೆಯಲ್ಲಿ ಇಳಿಯುವುದು ಅಂದರೆ ಏನು ಅಂತ ತಿಳಿಯುತ್ತದೆ.

ಹಾಗಾಗಿ ಬಣ್ಣಕ್ಕೆ ಕೈ ಹಾಕುವ ಮೊದಲು ನಿಮ್ಮ ವಿಮಾನ ಯಾವ ನೀರಿನಲ್ಲಿ ಇತ್ತು ಅಂತ ತೀರ್ಮಾನ ಮಾಡಿ. ಕೆರೆಯದ್ದಾದರೆ ಉಪ್ಪಿನ ಬಿಳಿ ಕೂಡ ಬೇಡ. ನೀರು ಮುಟ್ಟುವ ಗೆರೆಯ ಸುತ್ತ ಮಂಕಾದ ಹಸಿರು-ಕಂದು ಪಾಚಿ, ಅದರ ಕೆಳಗೆ ತೆಳು ಕೆಸರು ಸಾಕು. ಪ್ರಶ್ನೆ ಕೇಳಿದ ಹುಬ್ಬಳ್ಳಿಯವರಿಗೆ ನಾನು ಹೇಳಿದ್ದು ಇದನ್ನೇ: ನಿಮ್ಮ ಕ್ಯಾಟಲೀನಾವನ್ನು ಬೆಳ್ಳಂದೂರಿನದ್ದು ಮಾಡಿ. ತುಕ್ಕಿಗೆ ಅಂತ ತಂದಿಟ್ಟ ಕಿತ್ತಳೆ-ಕಂದು ಪೇಸ್ಟಲ್ ಪುಡಿಯನ್ನು ಗಾಲಿಗಳಿಗೆ ಹಚ್ಚಿ, ಅದು ಬೆಂಗಳೂರಿನ ಕೆಂಪು ಮಣ್ಣಾಗುತ್ತದೆ. ಮ್ಯಾಟ್ ವಾರ್ನಿಶ್ ಹೊಡೆದಾದ ಮೇಲೆ ಹಚ್ಚಿ, ಮೊದಲೇ ಹಚ್ಚಿದರೆ ವಾರ್ನಿಶ್ ಅದನ್ನು ನುಂಗಿಬಿಡುತ್ತದೆ.